ಲೆಕ್ಕಕ್ಕೆ ಮೊದಲು ಕಥೆ

ಸ್ಲೇಟಿನ ಮೇಲೆ ಬರೆದುಕೊಟ್ಟ ಕೂಡುವ ಲೆಕ್ಕವನ್ನೂ ಕಳೆಯುವ ಲೆಕ್ಕವನ್ನೂ ತಪ್ಪಿಲ್ಲದೆ ಮಾಡಿ ತೋರಿಸುವ ಮಗು, ಅದೇ ಲೆಕ್ಕವನ್ನು ನಾಲ್ಕು ವಾಕ್ಯಗಳ ಹೇಳಿಕೆಯಾಗಿ ಕೊಟ್ಟೊಡನೆ ತಲೆಯೆತ್ತಿ, "ಇದು ಕೂಡೋದಾ ಮೇಷ್ಟ್ರೇ, ಕಳೆಯೋದಾ?" ಎಂದು ಕೇಳುವುದನ್ನು ನೋಡದ ಉಪಾಧ್ಯಾಯರು ವಿರಳ. ಈ ಪ್ರಶ್ನೆಯನ್ನು ಮಂದಬುದ್ಧಿಯ ಲಕ್ಷಣವೆಂದು ಭಾವಿಸಿ ಗದರಿಸುವವರುಂಟು. ಕನಿಕರಪಟ್ಟು, ಕೂಡಬೇಕೆಂದೋ ಕಳೆಯಬೇಕೆಂದೋ ಹೇಳಿಕೊಟ್ಟು ಮುಂದಿನ ಲೆಕ್ಕಕ್ಕೆ ಸಾಗುವವರೂ ಉಂಟು. ಈ ಎರಡರಿಂದಲೂ ಮಗುವಿಗೆ ಉಪಕಾರವಾಗದು. ಮಗುವಿನ ಕಣ್ಣು ಹೇಳಿಕೆಯಲ್ಲಿದ್ದ ಎರಡು ಅಂಕಿಗಳ ಮೇಲೆ ಬಿದ್ದಿದೆ. ಆ ಅಂಕಿಗಳು ಯಾವ ಸಂಗತಿಗೆ ಸಂಬಂಧಿಸಿದವು, ಅಲ್ಲಿ ಯಾರು ಏನು ಮಾಡಿದರು, ಮೊದಲೇನಿತ್ತು, ಕಡೆಗೇನಾಯಿತು ಎಂಬುದರ ಮೇಲೆ ಬಿದ್ದಿಲ್ಲ. ಅದನ್ನು ಕಾಣಿಸುವ ಕೆಲಸವೇ ಹೇಳಿಕೆ ಲೆಕ್ಕದ ಪಾಠವೆಂದು ನನ್ನ ನಂಬಿಕೆ.

ಪಾಠಪುಸ್ತಕಗಳಲ್ಲಿ ರೂಢಿಯಾಗಿ ಬಂದಿರುವ ಕ್ರಮವೆಂದರೆ, ಮೊದಲು ಸಂಕಲನದ ವಿಧಾನ, ಆಮೇಲೆ ಅದರ ಅಭ್ಯಾಸಕ್ಕೆಂದು ಬರಿಯ ಅಂಕಿಗಳ ಲೆಕ್ಕ, ಅಧ್ಯಾಯದ ಕೊನೆಯಲ್ಲಿ ಐದೋ ಹತ್ತೋ ಹೇಳಿಕೆ ಲೆಕ್ಕ. ಸಂಕಲನದ ಅಧ್ಯಾಯದ ಕೊನೆಯಲ್ಲಿ ಬರುವ ಹೇಳಿಕೆಗಳೆಲ್ಲವೂ ಕೂಡುವ ಲೆಕ್ಕಗಳೇ ಆಗಿರುವುದು ಸಹಜವಾದ್ದರಿಂದ, ಅವನ್ನು ಓದುವ ಅವಶ್ಯಕತೆಯೇ ಮಗುವಿಗಿಲ್ಲ; ಅಂಕಿಗಳನ್ನು ಹುಡುಕಿ ಕೂಡಿದರೆ ಉತ್ತರ ಸರಿ, ಪುಸ್ತಕದಲ್ಲಿ ಸರಿ ಗುರುತು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಎಲ್ಲ ಬಗೆಯ ಲೆಕ್ಕಗಳೂ ಬೆರೆತು ಬಂದಾಗ ಮಾತ್ರ, ಅಷ್ಟು ದಿನವೂ ಓದದೆಯೇ ಉತ್ತರ ಬರೆಯುವುದನ್ನು ಅದು ಅಭ್ಯಾಸ ಮಾಡಿಕೊಂಡು ಬಂದಿತ್ತೆಂಬುದು ಹೊರಬೀಳುತ್ತದೆ.

ಈ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿರಬಲ್ಲದೆಂಬುದನ್ನು ಫ್ರಾನ್ಸಿನ ಗ್ರೆನೋಬಲ್ ನಗರದ ಗಣಿತಶಿಕ್ಷಣದ ಸಂಶೋಧಕರು 1980ರ ಸುಮಾರಿಗೆ ತೋರಿಸಿಕೊಟ್ಟರು. ಹಡಗೊಂದರಲ್ಲಿ 26 ಕುರಿಗಳೂ 10 ಆಡುಗಳೂ ಇವೆ, ಹಡಗಿನ ನಾಯಕನ ವಯಸ್ಸೆಷ್ಟು ಎಂಬ ಅರ್ಥಶೂನ್ಯವಾದ ಪ್ರಶ್ನೆಯನ್ನು ಪ್ರಾಥಮಿಕ ಶಾಲೆಯ 97 ಮಕ್ಕಳಿಗೆ ಕೊಡಲಾಗಿ, ಅವರಲ್ಲಿ 76 ಮಂದಿ ಆ ಅಂಕಿಗಳನ್ನೇ ಹಿಡಿದು ಲೆಕ್ಕ ಮಾಡಿ ನಾಯಕನ ವಯಸ್ಸನ್ನು ಬರೆದುಕೊಟ್ಟರಂತೆ. ಆ ಮಕ್ಕಳು ಅವಿವೇಕಿಗಳಾಗಿರಲಿಲ್ಲ. ಗಣಿತದ ಗಂಟೆಯಲ್ಲಿ ವಿವೇಕವನ್ನು ಬದಿಗಿಡಬೇಕೆಂದು ಶಾಲೆಯೇ ಅವರಿಗೆ ಕಲಿಸಿಬಿಟ್ಟಿತ್ತು.

ಇದಕ್ಕೆ ಪರಿಹಾರವೆಂದು ತಿಳಿದು ಅನೇಕರು ಕಲಿಸಿಕೊಡುವ ಉಪಾಯವೊಂದುಂಟು; ಅದು ರೋಗವನ್ನು ಇನ್ನಷ್ಟು ಬಲಪಡಿಸುವಂಥದು. 'ಒಟ್ಟು' ಎಂಬ ಮಾತು ಬಂದರೆ ಕೂಡು, 'ಉಳಿದವು' ಎಂದಿದ್ದರೆ ಕಳೆ, 'ಹೆಚ್ಚು' ಎಂದರೆ ಕೂಡು, 'ಹಂಚಿದರು' ಎಂದರೆ ಭಾಗಿಸು ಎಂದು ಗೋಡೆಯ ಮೇಲೆ ಪಟ್ಟಿ ಬರೆದು ತೂಗುಹಾಕುವುದೇ ಆ ಉಪಾಯ. ಮೊದಮೊದಲು ಇದರಿಂದ ಅಂಕಗಳು ಏರುವುದು ನಿಜ. ಆದರೆ ಗೌರಿಯ ಬಳಿ 8 ಗೋಲಿಗಳಿವೆ, ಅದು ಶಂಕರನ ಬಳಿ ಇರುವುದಕ್ಕಿಂತ 3 ಹೆಚ್ಚು, ಶಂಕರನ ಬಳಿ ಎಷ್ಟಿವೆ ಎಂದು ಕೇಳಿದಾಗ, ಪಟ್ಟಿಯನ್ನು ನಂಬಿದ ಮಗು 11 ಎಂದು ಬರೆಯುತ್ತದೆ. ಸಂಗತಿಯನ್ನು ಕಂಡ ಮಗು 5 ಎನ್ನುತ್ತದೆ. ಆ ಪಟ್ಟಿಯನ್ನು ಗೋಡೆಯಿಂದ ತೆಗೆದುಬಿಡುವುದು ಒಳ್ಳೆಯದೆಂದು ನಿಸ್ಸಂಕೋಚವಾಗಿ ಹೇಳಬಯಸುತ್ತೇನೆ.

ಹಾಗಾದರೆ ಮಾಡತಕ್ಕದ್ದೇನು? ಕಥೆಯನ್ನು ಮೊದಲು ಹೇಳಬೇಕು. ಅಂಕಿಗಳನ್ನು ಆಮೇಲೆ ಕೊಡಬೇಕು. ಉದಾಹರಣೆಯೊಂದನ್ನು ಸಾವಕಾಶವಾಗಿ ನೋಡೋಣ. ಎರಡನೆಯ ತರಗತಿಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಉಪಾಧ್ಯಾಯರು ಹೀಗೆ ಹೇಳುತ್ತಾರೆ: "ಅಜ್ಜಿ ಕೋಡುಬಳೆ ಮಾಡಿ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಮೊಮ್ಮಕ್ಕಳು ಸದ್ದಿಲ್ಲದೆ ಡಬ್ಬಿ ತೆಗೆದು ಕೆಲವನ್ನು ತಿಂದರು. ಸಂಜೆ ಅಜ್ಜಿ ಮುಚ್ಚಳ ತೆಗೆದು ನೋಡಿದರೆ ಕೆಲವೇ ಉಳಿದಿದ್ದವು." ಇಲ್ಲಿ ಅಂಕಿಯೇ ಇಲ್ಲವೆಂಬುದನ್ನು ಗಮನಿಸಬೇಕು. ಕೂಡಲಿಕ್ಕೂ ಕಳೆಯಲಿಕ್ಕೂ ಏನೂ ಸಿಕ್ಕದೆ ಇರುವುದರಿಂದ ಮಗುವಿನ ಮನಸ್ಸು ಅನಿವಾರ್ಯವಾಗಿ ಡಬ್ಬಿಯ ಕಡೆಗೆ ಹೋಗುತ್ತದೆ. ಈಗ ಕೇಳಬೇಕಾದ ಪ್ರಶ್ನೆಗಳು ಉತ್ತರದ ವಿಷಯವಾಗಿ ಅಲ್ಲ, ಕಥೆಯ ವಿಷಯವಾಗಿ: ಏನಾಯಿತು, ನಿನ್ನ ಮಾತಿನಲ್ಲಿ ಹೇಳು, ಡಬ್ಬಿಯಲ್ಲಿ ಕೋಡುಬಳೆ ಯಾವಾಗ ಹೆಚ್ಚಿತ್ತು, ಬೆಳಿಗ್ಗೆಯೋ ಸಂಜೆಯೋ, ಈ ಕಥೆಯಲ್ಲಿ ಏನೇನನ್ನು ಎಣಿಸಬಹುದು? ಕಡೆಯ ಪ್ರಶ್ನೆ ಮುಖ್ಯವಾದುದು. ಮಾಡಿದ್ದು, ತಿಂದದ್ದು, ಉಳಿದದ್ದು ಎಂಬ ಮೂರು ಸಂಖ್ಯೆಗಳು ಈ ಕಥೆಯಲ್ಲಿವೆಯೆಂದು ಮಕ್ಕಳೇ ಹೇಳುವಂತಾದರೆ ಅರ್ಧ ಪಾಠ ಮುಗಿದಂತೆ.

ಅನಂತರ ಎರಡು ಅಂಕಿಗಳನ್ನು ಕೊಡಬೇಕು: ತಿಂದದ್ದು 7, ಉಳಿದದ್ದು 9. ಮೂರನೆಯದು ಯಾವುದು ಗೊತ್ತಿಲ್ಲ, ಅದು ಈ ಎರಡಕ್ಕಿಂತ ದೊಡ್ಡದಿರಬೇಕೋ ಚಿಕ್ಕದಿರಬೇಕೋ ಎಂದು ವಿಚಾರಿಸಿ, ಕೈಗೆ ಹುಣಿಸೆ ಬೀಜ ಕೊಟ್ಟು, ಕಥೆಯನ್ನು ಬೀಜಗಳಿಂದ ಆಡಿಸಿ ತೋರಿಸುವಂತೆ ಹೇಳಬೇಕು. 'ಉಳಿದಿದ್ದವು' ಎಂಬ ಮಾತನ್ನೇ ಹಿಡಿದು 9ರಲ್ಲಿ 7 ಕಳೆದು 2 ಎನ್ನುವ ಮಗು ಒಂದಾದರೂ ಇರುತ್ತದೆ. ಅದು ತಪ್ಪೆಂದು ಉಪಾಧ್ಯಾಯರು ಹೇಳಬೇಕಾದ ಅಗತ್ಯವಿಲ್ಲ. "ಅಜ್ಜಿ ಎರಡೇ ಕೋಡುಬಳೆ ಮಾಡಿದ್ದರಾ? ಹಾಗಾದರೆ ಮೊಮ್ಮಕ್ಕಳು ಏಳು ಹೇಗೆ ತಿಂದರು?" ಎಂದು ಕೇಳಿದರೆ ಸಾಕು, ಮಗು ನಕ್ಕು, ತಾನೇ ಬೀಜಗಳನ್ನು ಮತ್ತೆ ಸುರಿದುಕೊಂಡು ಎಣಿಸತೊಡಗುತ್ತದೆ. ತಪ್ಪನ್ನು ತೋರಿಸಿದ್ದು ಗುರುವಿನ ಕೆಂಪು ಶಾಯಿಯಲ್ಲ, ಕಥೆಯೇ. ಇದೇ ಕಥೆಯಿಂದ ಕಲಿಸುವುದರಲ್ಲಿರುವ ದೊಡ್ಡ ಲಾಭ. ಬರಿಯ ಅಂಕಿಗಳಲ್ಲಿ 9ರಲ್ಲಿ 7 ಹೋದರೆ 2 ಎಂಬುದು ಯಾವಾಗಲೂ ಸರಿಯಾದುದರಿಂದ, ಅಲ್ಲಿ ಮಗುವಿಗೆ ತನ್ನ ತಪ್ಪನ್ನು ಕಂಡುಕೊಳ್ಳುವ ಸಾಧನವೇ ಇಲ್ಲ.

ಬೀಜಗಳಿಂದ ಚಿತ್ರಕ್ಕೂ ಚಿತ್ರದಿಂದ ಅಂಕಿಗೂ ಹೋಗುವುದಕ್ಕೆ ಆತುರ ಬೇಡ. ಮಗು ಬರೆಯುವ ಚಿತ್ರದಲ್ಲಿ ಅಜ್ಜಿಯ ಕನ್ನಡಕವೂ ಡಬ್ಬಿಯ ಮುಚ್ಚಳವೂ ಮೊದಲು ಬರಲಿ. ಕ್ರಮೇಣ ಕೋಡುಬಳೆಗೆ ಬದಲು ಸೊನ್ನೆಗಳು ಬರುತ್ತವೆ, ಸೊನ್ನೆಗಳಿಗೆ ಬದಲು ಒಂದು ಉದ್ದನೆಯ ಪಟ್ಟಿ ಬಂದು, ಅದನ್ನು ಎರಡು ಭಾಗ ಮಾಡಿ ಒಂದರಲ್ಲಿ 7, ಇನ್ನೊಂದರಲ್ಲಿ 9 ಎಂದು ಬರೆಯುವುದನ್ನು ಅದು ಕಲಿಯುತ್ತದೆ. ಸಿಂಗಾಪುರದ ಶಾಲೆಗಳಲ್ಲಿ 1980ರ ದಶಕದಿಂದ ಬಳಕೆಯಲ್ಲಿರುವ ಈ ಪಟ್ಟಿಚಿತ್ರದ ಪದ್ಧತಿಗೆ ಯಾವ ಉಪಕರಣವೂ ಬೇಡ. ಸ್ಲೇಟು ಬಳಪ ಸಾಕು. ಗೌರಿ ಶಂಕರರ ಗೋಲಿಗಳಂಥ ಹೋಲಿಕೆಯ ಲೆಕ್ಕಗಳಿಗಂತೂ ಇದು ಬಹಳ ಉಪಯುಕ್ತ. ಉದ್ದ ಪಟ್ಟಿ ಯಾರದು, ಗಿಡ್ಡ ಪಟ್ಟಿ ಯಾರದು ಎಂದು ನಿಶ್ಚಯಿಸಿದ ಮೇಲೆ ಕೂಡುವುದೋ ಕಳೆಯುವುದೋ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಹೋಲಿಕೆಯ ಲೆಕ್ಕಗಳು ಚಿಕ್ಕ ಮಕ್ಕಳಿಗೆ ಕಠಿನವಾಗುವುದಕ್ಕೆ ಕಾರಣ ಗಣಿತವಲ್ಲ, ಭಾಷೆಯೆಂಬುದನ್ನು ಹಡ್ಸನ್ ಎಂಬ ಅಮೆರಿಕದ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಮನಗಾಣಿಸುತ್ತದೆ. ಐದು ಹಕ್ಕಿಗಳೂ ಮೂರು ಹುಳುಗಳೂ ಇರುವಂಥ ಚಿತ್ರಗಳನ್ನು ತೋರಿಸಿ, ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು ಎಂದು ಕೇಳಿದಾಗ ಶಿಶುವಿಹಾರದ ಮಕ್ಕಳಲ್ಲಿ ಶೇಕಡ 17ರಷ್ಟು ಮಂದಿ ಮಾತ್ರ ಸರಿಯಾಗಿ ಹೇಳಿದರು. ಹಕ್ಕಿಗಳೆಲ್ಲ ಹಾರಿಬಂದು ಒಂದೊಂದು ಹುಳುವನ್ನು ಹಿಡಿಯಲು ಹೊರಟರೆ ಎಷ್ಟು ಹಕ್ಕಿಗಳಿಗೆ ಹುಳು ಸಿಕ್ಕುವುದಿಲ್ಲ ಎಂದು ಕೇಳಿದಾಗ ಅದೇ ಮಕ್ಕಳಲ್ಲಿ ಶೇಕಡ 83ರಷ್ಟು ಮಂದಿ ಸರಿಯಾದ ಉತ್ತರ ಕೊಟ್ಟರು. ಅಂಕಿಗಳೂ ಬದಲಾಗಲಿಲ್ಲ, ಚಿತ್ರಗಳೂ ಬದಲಾಗಲಿಲ್ಲ. ಹಸಿದ ಹಕ್ಕಿಗಳನ್ನು ಹಾರಿಸಿದ್ದೊಂದೇ ವ್ಯತ್ಯಾಸ. ನಮ್ಮ ಮಕ್ಕಳಿಗೂ ಎಷ್ಟು ಹೆಚ್ಚು ಎಂದು ಕೇಳುವುದಕ್ಕೆ ಮುಂಚೆ, ಊಟಕ್ಕೆ ಕುಳಿತವರು ಎಷ್ಟು, ಹಾಕಿದ ಎಲೆಗಳೆಷ್ಟು, ಎಷ್ಟು ಮಂದಿಗೆ ಎಲೆ ಇಲ್ಲ ಎಂದು ಕೇಳಬಹುದು.

ಭಾಷೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುವುದು ಯುಕ್ತ. ಪುಸ್ತಕದ ಹೇಳಿಕೆಗಳಲ್ಲಿ ಬರುವ 'ತಲಾ', 'ಪ್ರತಿ ಡಜನ್‌ಗೆ', 'ಕ್ರಮವಾಗಿ', 'ಸಮನಾಗಿ ವಿತರಿಸಲಾಯಿತು' ಎಂಬ ಮಾತುಗಳು ಮನೆಯಲ್ಲಿ ಯಾರ ಬಾಯಿಂದಲೂ ಬರುವಂಥವಲ್ಲ. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಲಂಬಾಣಿಯೋ ಆಗಿರುವ ಮಕ್ಕಳಿಗಂತೂ ಅವು ಇನ್ನೂ ದೂರ. ಮೊದಲು ಮಗುವಿನ ಆಡುಮಾತಿನಲ್ಲಿ ಕಥೆಯನ್ನು ಹೇಳಿಸಿ, ಕಡೆಗೆ ಪುಸ್ತಕದ ವಾಕ್ಯವನ್ನು ತೋರಿಸಿ, ನೀನು ಹೇಳಿದ್ದನ್ನೇ ಪುಸ್ತಕ ಹೀಗೆ ಬರೆದಿದೆ ಎಂದು ತಿಳಿಸುವುದು ಸರಿಯಾದ ಅನುಕ್ರಮ. ನಾಲ್ಕು ಮಕ್ಕಳಿಗೆ ಎರಡು ಉಂಡೆ ಕೊಟ್ಟರು ಎಂಬುದಕ್ಕೂ ಎರಡೆರಡು ಉಂಡೆ ಕೊಟ್ಟರು ಎಂಬುದಕ್ಕೂ ಇರುವ ಅಂತರವನ್ನು ಮಗು ಕಿವಿಯಿಂದ ಚೆನ್ನಾಗಿ ಬಲ್ಲದು. ಗುಣಾಕಾರಕ್ಕೆ ಅಲ್ಲಿಂದಲೇ ಕೈಹಿಡಿದು ಕರೆದುಕೊಂಡು ಹೋಗಬಹುದು.

ಗುಣಾಕಾರದಿಂದ ಮುಂದೆ ಭಾಗಾಕಾರಕ್ಕೆ ಬಂದಾಗ ಕಥೆಯ ಅಗತ್ಯ ಇಮ್ಮಡಿಯಾಗುತ್ತದೆ. 24 ಕಜ್ಜಾಯಗಳನ್ನು ನಾಲ್ವರಿಗೆ ಸಮನಾಗಿ ಕೊಟ್ಟರೆ ಒಬ್ಬರಿಗೆಷ್ಟು ಎಂಬುದು ಒಂದು ಕಥೆ. 24 ಕಜ್ಜಾಯಗಳಲ್ಲಿ ಒಬ್ಬೊಬ್ಬರಿಗೆ ನಾಲ್ಕು ನಾಲ್ಕರಂತೆ ಕೊಡುತ್ತ ಹೋದರೆ ಎಷ್ಟು ಮಂದಿಗಾಗುತ್ತದೆ ಎಂಬುದು ಬೇರೆಯೇ ಒಂದು ಕಥೆ. ಸ್ಲೇಟಿನ ಮೇಲೆ ಎರಡೂ ಒಂದೇ. ಬೀಜಗಳನ್ನು ಹಿಡಿದ ಕೈ ಮಾತ್ರ ಎರಡು ಬಗೆಯಾಗಿ ಚಲಿಸುತ್ತದೆ: ಮೊದಲನೆಯದರಲ್ಲಿ ನಾಲ್ಕು ಕಡೆಗೆ ಒಂದೊಂದಾಗಿ ಹಾಕುತ್ತದೆ, ಎರಡನೆಯದರಲ್ಲಿ ನಾಲ್ಕು ನಾಲ್ಕನ್ನು ಒಟ್ಟಾಗಿ ಎತ್ತಿಡುತ್ತದೆ. ಈ ಎರಡನ್ನೂ ಮಗು ಕೈಯಿಂದ ಮಾಡಿರಬೇಕು.

ಶೇಷದ ವಿಷಯವನ್ನು ನಮ್ಮಲ್ಲಿ ತೀರ ಅಲಕ್ಷ್ಯದಿಂದ ಕಲಿಸಲಾಗುತ್ತಿದೆ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ನಡೆದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ, 36 ಸೈನಿಕರು ಹಿಡಿಸುವ ಬಸ್ಸುಗಳಲ್ಲಿ 1128 ಸೈನಿಕರನ್ನು ಸಾಗಿಸಲು ಎಷ್ಟು ಬಸ್ಸು ಬೇಕೆಂದು ಹದಿಮೂರು ವರ್ಷದ ಮಕ್ಕಳನ್ನು ಕೇಳಿದ್ದರು. ಶೇಕಡ 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರಾದರೂ 32 ಎಂಬ ಉತ್ತರವನ್ನು ಬರೆದವರು ಶೇಕಡ 23 ಮಾತ್ರ. 31 ಬಸ್ಸು, ಶೇಷ 12 ಎಂದು ಬರೆದವರು ಅದಕ್ಕಿಂತ ಹೆಚ್ಚು. ನಾಲ್ಕನೆಯ ಐದನೆಯ ತರಗತಿಗಳಲ್ಲಿ ಇದಕ್ಕೆ ತಕ್ಕ ಅಭ್ಯಾಸವೊಂದನ್ನು ಸೂಚಿಸುತ್ತೇನೆ. 50ನ್ನು 8ರಿಂದ ಭಾಗಿಸಿದರೆ ಭಾಗಲಬ್ಧ 6, ಶೇಷ 2. ಇದನ್ನು ಹಲಗೆಯ ಮೇಲೆ ಮೊದಲೇ ಬರೆದಿಟ್ಟುಬಿಡಿ. ಆಮೇಲೆ ನಾಲ್ಕು ಕಥೆಗಳನ್ನು ಕೇಳಿ: 50 ಮಕ್ಕಳನ್ನು ಎಂಟೆಂಟು ಮಂದಿ ಕೂರುವ ಜೀಪಿನಲ್ಲಿ ಬೆಟ್ಟಕ್ಕೆ ಕರೆದೊಯ್ಯಲು ಜೀಪು ಎಷ್ಟು ಸಲ ಹೋಗಬೇಕು, 50 ಕೋಡುಬಳೆಗಳನ್ನು ಎಂಟೆಂಟರ ಪೊಟ್ಟಣ ಕಟ್ಟಿ ಮಾರಿದರೆ ಪೂರ್ತಿ ಪೊಟ್ಟಣಗಳೆಷ್ಟು, ಕಟ್ಟಿ ಮುಗಿದ ಮೇಲೆ ಮನೆಯವರಿಗೆ ಎಷ್ಟು ಸಿಕ್ಕುತ್ತದೆ, 50 ಅಡಿ ಹಗ್ಗವನ್ನು ಸಮನಾದ ಎಂಟು ತುಂಡು ಮಾಡಿದರೆ ಒಂದೊಂದರ ಉದ್ದವೆಷ್ಟು. ಉತ್ತರಗಳು ಏಳು, ಆರು, ಎರಡು, ಆರೂ ಕಾಲು ಅಡಿ. ಭಾಗಾಕಾರ ಒಂದೇ ಆಗಿದ್ದು ಉತ್ತರಗಳು ನಾಲ್ಕಾದವೇಕೆ ಎಂಬುದನ್ನು ಮಕ್ಕಳು ತಮ್ಮತಮ್ಮಲ್ಲೇ ವಾದಿಸಲಿ, ಗುರುಗಳು ಸುಮ್ಮನಿರಲಿ.

ಕಥೆಯ ಬೆಂಬಲವಿದ್ದಾಗ ಮಕ್ಕಳ ಬುದ್ಧಿ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ, ಬ್ರೆಜಿಲ್ ದೇಶದ ರೆಸೀಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಸಿದ್ಧ ನಿದರ್ಶನ. ಗಿರಾಕಿಗಳಂತೆ ಬಂದು ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳ ಉತ್ತರ ಶೇಕಡ 98ರಷ್ಟು ಸರಿ. ಅವೇ ಲೆಕ್ಕಗಳನ್ನು ಹೇಳಿಕೆಯಾಗಿ ಕೊಟ್ಟಾಗ ಶೇಕಡ 74ರಷ್ಟು. ಬರಿಯ ಅಂಕಿಗಳಾಗಿ ಕೊಟ್ಟಾಗ ಶೇಕಡ 37ರಷ್ಟು. ಒಂದಕ್ಕೆ 35ರಂತೆ ಹತ್ತು ತೆಂಗಿನಕಾಯಿಗೆಷ್ಟು ಎಂದಾಗ, ಅವರಲ್ಲೊಬ್ಬ ಹುಡುಗ 35ರ ಮುಂದೆ ಸೊನ್ನೆ ಹಾಕಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಇನ್ನೂ ನಾಲ್ಕು ಬೇಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ 350ಕ್ಕೆ ಮುಟ್ಟಿದ. ಇದರ ಅರ್ಥ ಸಂತೆಯೇ ಸಾಕು, ಶಾಲೆ ಬೇಡ ಎಂದಲ್ಲ. ದೊಡ್ಡ ಸಂಖ್ಯೆಗಳಿಗೂ ಭಿನ್ನರಾಶಿಗಳಿಗೂ ಬಂದಾಗ ಬರಹದ ವಿಧಾನವಿಲ್ಲದೆ ಗತಿಯಿಲ್ಲ. ಮಗ್ಗಿಯನ್ನು ಬಾಯಿಪಾಠ ಮಾಡಿಸುವುದನ್ನೂ ನಾನು ಅಲ್ಲಗಳೆಯಲಾರೆ. ಆದರೆ ಬಾಯಿಲೆಕ್ಕದ ಈ ಜಾಣ್ಮೆಯನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ಬರಬೇಕೆಂದು ಮಕ್ಕಳಿಗೆ ಅನ್ನಿಸುವಂತೆ ಮಾಡಬಾರದು.

ಹೀಗೆ ನಿತ್ಯದ ವ್ಯವಹಾರದಿಂದ ತೆಗೆದುಕೊಳ್ಳಬಹುದಾದ ಕಥೆಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಬಸ್ಸಿನ ಕಂಡಕ್ಟರರ ಚಿಲ್ಲರೆಯ ಲೆಕ್ಕ. ಟಿಕೇಟು 38 ರೂಪಾಯಿ. ಪ್ರಯಾಣಿಕರು 100ರ ನೋಟು ಕೊಟ್ಟಿದ್ದಾರೆ. ಕಂಡಕ್ಟರರು 62 ರೂಪಾಯಿ ಹಿಂದಕ್ಕೆ ಕೊಡುವುದನ್ನು ಬಿಟ್ಟು, "ಎಂಟು ರೂಪಾಯಿ ಚಿಲ್ಲರೆ ಇದ್ದರೆ ಕೊಡಿ ಸಾರ್" ಎಂದು ತಾವೇ ಕೇಳುತ್ತಾರೆ. ಕೊಡಬೇಕಾದವರೇ ಮತ್ತೂ ಕೇಳುವುದೇಕೆ? ಅವರಿಗೆ ಎಂಟು ರೂಪಾಯಿ ಕೊಟ್ಟರೆ ನಮಗೆ ಹಿಂದಕ್ಕೆ ಬರಬೇಕಾದದ್ದೆಷ್ಟು? ಚಿಲ್ಲರೆ ಇಲ್ಲದೆ ಹೋಗಿ, 60 ರೂಪಾಯಿ ಕೊಟ್ಟು ಟಿಕೇಟಿನ ಹಿಂದೆ ಬಾಕಿ ಬರೆದರೆ, ಏನೆಂದು ಬರೆಯಬೇಕು? ಐದನೆಯ ತರಗತಿಯ ಮಕ್ಕಳಲ್ಲಿ ಒಬ್ಬರನ್ನು ಕಂಡಕ್ಟರರನ್ನಾಗಿ ಮಾಡಿ, ಕಾಗದದ ನೋಟುಗಳನ್ನು ಕೊಟ್ಟು ಆಡಿಸಿದರೆ, ವ್ಯವಕಲನದಲ್ಲಿ ಎರಡಕ್ಕೂ ಒಂದೇ ಸಂಖ್ಯೆಯನ್ನು ಸೇರಿಸಿದರೆ ವ್ಯತ್ಯಾಸ ಬದಲಾಗದೆಂಬ ತತ್ತ್ವ ತಾನಾಗಿ ಅವರ ಕೈಗೆ ಬರುತ್ತದೆ.

ಅಡಿಗೆಯ ಮನೆಯೂ ಇಂಥದೇ ಒಂದು ಪಾಠಶಾಲೆ. ಇಡ್ಲಿಗೆ ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿಯಾದರೆ, ನೆಂಟರು ಬಂದ ದಿನ ಮೂರು ಪಾವು ಉದ್ದು ನೆನೆಹಾಕಿದಾಗ ಅಕ್ಕಿ ಎಷ್ಟು ಬೇಕು? ಉದ್ದು ಎರಡು ಪಾವು ಹೆಚ್ಚಿತಲ್ಲವೇ, ಅಕ್ಕಿಯೂ ಎರಡು ಹೆಚ್ಚಿ ಐದಾಗಲಿ ಎನ್ನುವ ಮಕ್ಕಳು ಬಹಳ. ಅವರಿಗೆ ಅನುಪಾತದ ಸೂತ್ರವನ್ನು ಹೇಳುವ ಬದಲು, ಒಂದು ಪಾವು ಉದ್ದಿನ ಹಿಟ್ಟನ್ನು ಮೂರು ಸಲ ರುಬ್ಬಿದರೆ ಒಟ್ಟು ಎಷ್ಟು ಅಕ್ಕಿ ಹಾಕಿದಂತಾಯಿತು ಎಂದು ಅವರ ತಾಯಂದಿರು ಕೇಳಲಿ.

ಕಥೆಗಳೆಲ್ಲ ನಿಜಜೀವನದವೇ ಆಗಿರಬೇಕೆಂಬ ಕಟ್ಟುನಿಟ್ಟು ಮಾತ್ರ ಸರಿಯಲ್ಲ. ನಮ್ಮ ಪ್ರಾಚೀನ ಗಣಿತಜ್ಞರು ಅದನ್ನು ಒಪ್ಪಿದವರಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಹರಿದುಹೋದ ಮುತ್ತಿನ ಹಾರವೊಂದರ ಲೆಕ್ಕವನ್ನು ಕೊಟ್ಟಿದ್ದಾನೆ: ಮುತ್ತುಗಳು ಆರರಲ್ಲೊಂದು ಪಾಲು, ಮೂರರಲ್ಲೊಂದು ಪಾಲು ಚೆದರಿ, ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ ಎಂದು ಆರು ಸಲ ಹೋದ ಮೇಲೆ ದಾರದಲ್ಲಿ ನಿಂತವು 1161. ಮೊದಲಿದ್ದ ಮುತ್ತುಗಳು 1,48,608! ಅಂಥ ಹಾರವನ್ನು ಯಾವ ಕೊರಳೂ ತಾಳಲಾರದು. ಆದರೂ ಆ ಕಥೆಯೊಳಗೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿದೆ, ಹಿಂದಿನಿಂದ ಇಮ್ಮಡಿಸುತ್ತ ಹೋದರೆ ಮಗುವೂ ಬಿಡಿಸಬಹುದು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನೆಂಬುದನ್ನೂ ನಮ್ಮ ಉಪಾಧ್ಯಾಯರು ಮಕ್ಕಳಿಗೆ ತಿಳಿಸಬೇಕು.

ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯನು ರಚಿಸಿದ ಲೀಲಾವತಿಯ ದುಂಬಿಗಳ ಲೆಕ್ಕವನ್ನು ಆರನೆಯ ತರಗತಿಯವರಿಗೆ ಧಾರಾಳವಾಗಿ ಕೊಡಬಹುದು. ದುಂಬಿಗಳ ಹಿಂಡಿನಲ್ಲಿ ಐದನೆಯ ಒಂದು ಪಾಲು ಕದಂಬದ ಹೂವಿಗೂ ಮೂರನೆಯ ಒಂದು ಪಾಲು ಮತ್ತೊಂದು ಹೂವಿಗೂ, ಈ ಎರಡರ ವ್ಯತ್ಯಾಸದ ಮೂರರಷ್ಟು ಇನ್ನೊಂದು ಹೂವಿಗೂ ಹೋದವು. ಒಂದು ದುಂಬಿ ಮಾತ್ರ ಎರಡು ಹೂಗಳ ಪರಿಮಳದ ನಡುವೆ ಗಾಳಿಯಲ್ಲೇ ಸುಳಿದಾಡುತ್ತಿದೆ. ಬೀಜಗಣಿತ ಬೇಡ. ಐದು ಪಾಲೂ ಮೂರು ಪಾಲೂ ಮಾಡಲು ಬರುವಂತೆ ಹಿಂಡನ್ನು ಹದಿನೈದು ಮನೆಗಳ ಪಟ್ಟಿಯೆಂದು ಬರೆದುಕೊಂಡರೆ, ಮೊದಲನೆಯ ಹೂವಿಗೆ ಮೂರು ಮನೆ, ಎರಡನೆಯದಕ್ಕೆ ಐದು, ವ್ಯತ್ಯಾಸ ಎರಡರ ಮೂರರಷ್ಟು ಆರು. ಹದಿನಾಲ್ಕು ಮನೆಗಳು ತುಂಬಿ ಒಂದು ಉಳಿಯಿತು, ಆ ಮನೆಯಲ್ಲಿರುವುದು ಒಂದು ದುಂಬಿ. ಸಂಖ್ಯೆಯೊಂದನ್ನು ಕಲ್ಪಿಸಿಕೊಂಡು ನಡೆಯುವ ಈ ಮಾರ್ಗವನ್ನೇ ಪ್ರಾಚೀನರು ಇಷ್ಟಕರ್ಮವೆಂದು ಕರೆದರು. ಒಂಟಿ ದುಂಬಿಯ ಬದಲು ನಾಲ್ಕು ದುಂಬಿಗಳು ಉಳಿದಿದ್ದರೆ ಹಿಂಡು ಎಷ್ಟಿರುತ್ತಿತ್ತು ಎಂದು ಕೇಳಿದರೆ, ಅರವತ್ತು ಎಂಬ ಉತ್ತರ ಪಟ್ಟಿ ಬರೆದವರಿಗೆ ಕ್ಷಣದಲ್ಲಿ ಹೊಳೆಯುತ್ತದೆ.

ದಿನಕ್ಕೆ ಇಂಥ ಲೆಕ್ಕ ಒಂದು ಸಾಕು. ಹತ್ತು ಹೇಳಿಕೆಗಳನ್ನು ಓಡಿಸುವ ಗಂಟೆಯಲ್ಲಿ ಒಂದನ್ನೇ ಹೇಳಿ, ಹೇಳಿಸಿ, ಬರೆದು, ಬೇರೆ ಬೇರೆ ಮಕ್ಕಳು ಅದನ್ನು ಬಿಡಿಸಿದ ಬೇರೆ ಬೇರೆ ದಾರಿಗಳನ್ನು ಕೇಳಿ, ಕಡೆಗೆ ಉತ್ತರವನ್ನು ಕಥೆಯೊಳಗಿಟ್ಟು ಪೂರ್ಣವಾಕ್ಯದಲ್ಲಿ ಓದಿಸಬೇಕು. ವಾರಕ್ಕೊಮ್ಮೆ ಈ ಕ್ರಮವನ್ನು ತಿರುಗಿಸಿ, ಹಲಗೆಯ ಮೇಲೆ 12 − 9 ಎಂದು ಮಾತ್ರ ಬರೆದು, ಇದಕ್ಕೊಂದು ಕಥೆ ಕಟ್ಟಿಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳಬೇಕು. ಮಗುವಿಗೆ ವ್ಯವಕಲನ ತಿಳಿದಿದೆಯೋ ಇಲ್ಲವೋ ಎಂಬುದನ್ನು ಅದು ಕಟ್ಟಿದ ಕಥೆಯಿಂದ ತಿಳಿಯುವಷ್ಟು ನಿಚ್ಚಳವಾಗಿ ಯಾವ ಪರೀಕ್ಷೆಯಿಂದಲೂ ತಿಳಿಯಲಾರದು.

ಮಕ್ಕಳು ಕಟ್ಟುವ ಕಥೆಗಳಲ್ಲಿ ಕೊರತೆಗಳಿರುವುದು ಸ್ವಾಭಾವಿಕ. ಅವನ್ನು ಉಪಾಧ್ಯಾಯರು ತಿದ್ದದೆ ತರಗತಿಗೇ ಒಪ್ಪಿಸಬೇಕು. ಹಳ್ಳಿಯ ಶಾಲೆಯ ಹುಡುಗಿಯೊಬ್ಬಳು, ನಮ್ಮ ಮನೆಯಲ್ಲಿ ಎರಡು ಹಸುಗಳಿವೆ, ಒಂದು 6 ಲೀಟರ್ ಹಾಲು ಕೊಡುತ್ತದೆ, ಡೈರಿಗೆ 9 ಲೀಟರ್ ಹಾಕಿದೆವು, ಮನೆಗೆ ಎಷ್ಟು ಉಳಿಯಿತು ಎಂದು ಬರೆದಳೆಂದು ಇಟ್ಟುಕೊಳ್ಳೋಣ. ಎರಡೂ ಹಸುಗಳಿಗೆ ಆರಾರು ಲೀಟರೆಂದು ಹಿಡಿದು 3 ಎನ್ನುವವರು ಕೆಲವರು. ಇನ್ನೊಂದು ಹಸು ಎಷ್ಟು ಕೊಡುತ್ತದೆಂದು ಹೇಳಿಲ್ಲವಲ್ಲ ಎನ್ನುವವರು ಕೆಲವರು. ಕರುವಿಗೆ ಬಿಟ್ಟ ಹಾಲನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಕೇಳುವವನೊಬ್ಬ. ಇಷ್ಟು ಪ್ರಶ್ನೆಗಳನ್ನೂ ಆ ಹುಡುಗಿಗೇ ಹಿಂದಿರುಗಿಸಬೇಕು. ಆಗ ಆಕೆ, ಇನ್ನೊಂದು ಹಸು ಗಬ್ಬವಾಗಿ ಹಾಲು ಬತ್ತಿದೆ, ಮೊದಲನೆಯದೇ ಬೆಳಿಗ್ಗೆ ಆರು ಸಂಜೆ ಆರು ಕೊಡುತ್ತದೆ, ಕರು ಕುಡಿದ ಮೇಲೆ ಕರೆದದ್ದೇ ಅಷ್ಟು ಎಂದು ವಿವರಿಸಿ, ತನ್ನ ಹೇಳಿಕೆಯನ್ನು ತಾನೇ ಇನ್ನೊಮ್ಮೆ ಬರೆದು ತರುತ್ತಾಳೆ. ಅದನ್ನು ತರಗತಿಯ ಲೆಕ್ಕದ ಪುಸ್ತಕದಲ್ಲಿ ಆಕೆಯ ಹೆಸರಿನೊಡನೆ ಅಂಟಿಸಿ, ಮಾರನೆಯ ದಿನ ಕೆಳಗಿನ ತರಗತಿಯವರಿಗೆ ಬಿಡಿಸಲು ಕೊಡಬಹುದು.